ನಾಲ್ಕು ಬೆರಳು ಕೂರುವ ನಾಯಿ

೨೦೨೪ ನವೆಂಬರ್ ೧೧, ಸೋಮವಾರ

ಬೀಜದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ಹಾಲಿನವನು ಬಾರದ ದಿನಗಳನ್ನು ಬಿಟ್ಟು ಬೇರೇನನ್ನೂ ಬರೆದಿರಲಿಲ್ಲ. ಇವತ್ತಿನಿಂದ ಬರೆಯುತ್ತೇನೆ. ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ನನ್ನ ಮಾತಿನ ತೂಕ ಕಡಿಮೆಯಾಗುವಂಥ ಸಂಗತಿಗಳಿಗೂ ಒಂದು ಜಾಗ ಬೇಕಲ್ಲ.

ಮಗ ಲಕ್ಷ್ಮಿಕಾಂತ ಕಾಲು ಮುರಿದುಕೊಂಡಿದ್ದಾನೆ. ಕರೆಂಟ್ ಆಫೀಸಿನ ನೌಕರ. ಕಂಬದಿಂದ ಬಿದ್ದಿದ್ದರೆ ನಾಲ್ಕು ಜನರಿಗೆ ಹೇಳಬಹುದಿತ್ತು. ಸ್ಕೂಲ್ ಗ್ರೌಂಡಿನಲ್ಲಿ ತನ್ನ ನಾಯಿಯ ಜೊತೆ ಓಟದ ಪಂದ್ಯ ಕಟ್ಟಿ ಗುಂಡಿಗೆ ಬಿದ್ದ. ವಯಸ್ಸು ಮೂವತ್ತೊಂಬತ್ತು. ಆರು ವಾರ ಪ್ಲಾಸ್ಟರ್.

ಸೊಸೆ ಭಾಗ್ಯಳಿಗೆ ದೇವನಕೊಂಡದ ಗ್ರಾಮ ಸಚಿವಾಲಯದಲ್ಲಿ ಕೆಲಸ; ಈ ತೆಲುಗು ಸೀಮೆಯಲ್ಲಿ ಊರ ಸರ್ಕಾರಿ ಕಚೇರಿಗೆ ಹಾಗೆನ್ನುತ್ತಾರೆ. ಏಳರ ಬಸ್ಸಿಗೆ ಹೋದರೆ ಬರುವುದು ಸಂಜೆ. ಹಾಗಾಗಿ ನಾಯಿಯನ್ನು ತಿರುಗಾಡಿಸುವ ಕೆಲಸ ಅರವತ್ತೆಂಟರ ನನ್ನ ತಲೆಗೆ ಬಂತು.

"ಒಂದು ಮಾತು ಕೇಳು," ಅಂದೆ. "ನಿನ್ನ ಪ್ಲಾಸ್ಟರ್ ಬಿಚ್ಚಿದ ದಿನ ಈ ನಾಯಿ ಹಾಲಹರವಿ ಹೊಲಕ್ಕ ಹೋಗ್ತೈತಿ. ಅಲ್ಲಿ ಕಾವಲಿಗೆ ಇರಲಿ. ಮನ್ಯಾಗ ಬ್ಯಾಡ."

"ಅವ್ವಾ, ಅದು ಕಾವಲು ನಾಯಿ ಅಲ್ಲ. ಮುಧೋಳ ತಳಿ, ಬೇಟೆ ನಾಯಿ. ಸರ್ಟಿಫಿಕೇಟ್ ಸಮೇತ ತಂದೀನಿ. ಈ ಊರಾಗ ಯಾರ ಹತ್ರನೂ ಇಲ್ಲ."

"ಯಾರ ಹತ್ರನೂ ಇಲ್ಲಂದ್ರ ಯಾರಿಗೂ ಬೇಕಾಗಿಲ್ಲ."

ನಾಯಿ ನನ್ನನ್ನು ನೋಡಿತು. ಅದಕ್ಕೆ ರಾಕೆಟ್ ಎಂದು ಹೆಸರಿಟ್ಟಿದ್ದಾರೆ. ಬೀದಿಯಲ್ಲಿ ನಿಂತು ನಾನು ಆ ಹೆಸರು ಕೂಗುವುದಿಲ್ಲ.

ನವೆಂಬರ್ ೧೩, ಬುಧವಾರ

ಬೆಳಿಗ್ಗೆ ಗ್ರೌಂಡಿನವರೆಗೆ ಹೋಗಿ ಬಂದೆ. ನಾಯಿ ಎಳೆಯುವುದಿಲ್ಲ, ಬೊಗಳುವುದಿಲ್ಲ, ಕಂಡದ್ದಕ್ಕೆಲ್ಲ ಮೂಗು ಹಾಕುವುದಿಲ್ಲ. ಅಷ್ಟು ಮಾತ್ರ ಒಪ್ಪಿಕೊಳ್ಳುತ್ತೇನೆ.

ಚಹಾ ಅಂಗಡಿಯವನು ಕೈಯಲ್ಲಿ ಕೋಲು ಹಿಡಿದು ಓಡಿ ಬಂದ. "ಅಮ್ಮಾ, ನಿಮ್ಮ ಹಿಂದ ಬೀದಿ ನಾಯಿ ಬಿದ್ದೈತಿ. ಓಡಿಸ್ಲೇನ್ರಿ?"

ನನ್ನ ಕೈಯಲ್ಲಿ ಹಗ್ಗವಿತ್ತು. ಹಗ್ಗದ ತುದಿಯಲ್ಲಿ ನಾಯಿ ಇತ್ತು.

"ಮೊದಲು ನಿನ್ನ ಕಣ್ಣು ತೊಳ್ಕೋ," ಅಂದೆ.

ಈ ಸಲ ಜಿನ್ನಿಂಗ್ ಮಿಲ್ಲುಗಳಿಂದ ಹತ್ತಿಯ ದೂಳು ಬಹಳ ಬರುತ್ತಿದೆ. ಬೀದಿ ದೀಪಗಳ ಸುತ್ತ ಬಳೆಯಂತೆ ನಿಂತಿರುತ್ತದೆ. ಊರಲ್ಲಿ ಯಾರೂ ಕೇಳುವವರಿಲ್ಲ.

ನವೆಂಬರ್ ೧೮, ಸೋಮವಾರ

ಐದು ದಿನದಲ್ಲಿ ಜನ ಈ ನಾಯಿಗೆ ಅಂದದ್ದು: ಡಾಬರ್‌ಮನ್, ಜ್ವರ ಬಂದ ಡಾಬರ್‌ಮನ್, ಪೊಲೀಸ್ ನಾಯಿ ರಿಟೈರ್ ಆದದ್ದು. ಬ್ಯಾಂಕಿನ ಹುಡುಗಿಯೊಬ್ಬಳು ಯಾವುದೋ ಇಂಗ್ಲಿಷ್ ತಳಿಯ ಹೆಸರು ಹೇಳಿ, ಹೌದೆನ್ನುವಂತೆ ನನ್ನ ಮುಖ ನೋಡಿದಳು. ರುಮಾಲು ಸುತ್ತಿದ ಹಿರಿಯರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ, "ತಾಯಿ, ಜಿಂಕಿ ಮರಿ ಸಾಕಬಾರದ್ರಿ, ಫಾರೆಸ್ಟ್‌ನೋರು ಕೇಸ್ ಹಾಕ್ತಾರ," ಎಂದರು.

ಇವನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಎದುರು ಮನೆಯ ಪಕೀರಮ್ಮನ ಮಾತು. ಗೇಟಿನ ಸಂದಿಯಿಂದ ನಾಯಿಗೆ ಎರಡು ರೊಟ್ಟಿ ಹಾಕುತ್ತಿದ್ದಳು. ನನ್ನನ್ನು ಕಂಡು, "ಏನಕ್ಕಾ, ನಾಯಿ ಕೈಲೂ ಏಕಾದಶಿ ಮಾಡಿಸ್ತೀರೇನ್ರಿ? ಪಕ್ಕೆಲುಬು ಎಣಿಸಬಹುದಲ್ಲ!" ಎಂದಳು.

ನಮ್ಮ ಅಂಗಳದಲ್ಲಿ ಉಣ್ಣದೆ ಹೋದವರು ಯಾರೂ ಇಲ್ಲ. ಸುಗ್ಗಿಯ ಕಾಲಕ್ಕೆ ಮೂವತ್ತು ಎಲೆ ಬೀಳುತ್ತಿದ್ದ ಮನೆ ಇದು. ಈಗ ಒಂದು ನಾಯಿಯ ದೆಸೆಯಿಂದ ಉರುಕುಂದಮ್ಮ ಹೊಟ್ಟೆಗೆ ಹಾಕುವುದಿಲ್ಲ ಎಂಬ ಹೆಸರು.

"ತಳಿನೇ ಹಂಗ. ಸೊರಗಿದಂಗ ಇದ್ರೇನೆ ಚಲೋ," ಎಂದ ಲಕ್ಷ್ಮಿಕಾಂತ, ಮಲಗಿದಲ್ಲಿಂದಲೇ.

ನಾನು ಒಪ್ಪಲಿಲ್ಲ. ಸಂಜೆ ರೊಟ್ಟಿಗೆ ತುಪ್ಪ ಸವರಿ ಹಾಕಿದೆ. ನಾಯಿ ತುಪ್ಪ ನೆಕ್ಕಿ ರೊಟ್ಟಿಯನ್ನು ನನ್ನ ಕಾಲ ಬಳಿ ತಂದಿಟ್ಟಿತು. ಸೊಕ್ಕಿನ ಪ್ರಾಣಿ. ಅದಕ್ಕೆ ದಿನಾ ಮೊಟ್ಟೆ ಬೇಕಂತೆ. ನನ್ನ ಒಲೆಯ ಮೇಲೆ ಮೊಟ್ಟೆ ಬೇಯುವುದಿಲ್ಲ. ಭಾಗ್ಯ ಹೊರಗೆ ಕರೆಂಟಿನ ಒಲೆ ಇಟ್ಟುಕೊಂಡಿದ್ದಾಳೆ.

ನವೆಂಬರ್ ೨೧, ಗುರುವಾರ

ಮುಧೋಳದ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿಟ್ಟುಕೊಂಡೆ. ನಾಯಿಯ ಫೋಟೋ, ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಮುತ್ತಜ್ಜಿ ಎಲ್ಲರ ಹೆಸರೂ ಅದರಲ್ಲಿದೆ. ಈ ಬೀದಿಯಲ್ಲಿ ಎಷ್ಟು ಜನರಿಗೆ ತಮ್ಮ ಮುತ್ತಜ್ಜಿಯ ಹೆಸರು ಗೊತ್ತೋ, ಕೇಳಬೇಕು. ಅಕ್ಷರ ಮಾತ್ರ ಸಣ್ಣದಾಗಿ, ಮಂಕಾಗಿ ಅಚ್ಚಾಗಿದೆ. ಎಲ್ಲರೂ ಶಾಯಿಯಲ್ಲೇ ಉಳಿತಾಯ ಮಾಡುತ್ತಾರೆ.

ನವೆಂಬರ್ ೨೪, ಭಾನುವಾರ

ಕೆಂಚಣ್ಣ ಬಂದಿದ್ದ. ಶೇಂಗಾ ಕಿತ್ತ ಮೇಲೆ ಪ್ರತಿ ವರ್ಷ ಅವನ ನಾನೂರು ಕುರಿ ಹಾಲಹರವಿಯ ನಮ್ಮ ಹೊಲದಲ್ಲಿ ಹತ್ತು ರಾತ್ರಿ ಮಲಗುತ್ತವೆ. ಹೊಲಕ್ಕೆ ಗೊಬ್ಬರ, ಅವನಿಗೆ ಜೋಳ. ಈ ಸಲ ಮಂದೆ ಪತ್ತಿಕೊಂಡದ ಕಡೆಯಿಂದ ನಮ್ಮೂರ ಮೇಲೆಯೇ ಬರುತ್ತದಂತೆ. ಡಿಸೆಂಬರ್ ಮೊದಲ ವಾರ ಎಂದು ಗೊತ್ತುಮಾಡಿಕೊಂಡೆವು.

ಮಾತು ಮುಗಿಸಿ ಏಳುವಾಗ ನಾಯಿಯನ್ನು ಕಂಡ. ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತ.

"ಯಪ್ಪಾ, ಮುಧೋಳ ನಾಯಿ! ಎಲ್ಲಿ ಸಿಕ್ತವ್ವಾ ಇದು ನಿನಗ?"

ಹದಿಮೂರು ದಿನದಲ್ಲಿ ಮೊದಲ ಸಲ. ಓದು ಬಾರದ ಕುರಿಯವನು. ನಾನು ಒಳಗೆ ಹೋಗಿ ಇನ್ನೊಂದು ಲೋಟ ಚಹಾ ತಂದೆ.

"ನಿನಗ ಹೆಂಗ ಗೊತ್ತಾತು?"

"ನಾವು ಕಣ್ಣಿಲೆ ನೋಡಂಗಿಲ್ರೀ, ಕೈಲೆ ನೋಡ್ತೀವಿ." ನಾಯಿಯ ಸೊಂಟದ ಮೇಲೆ ಎದ್ದು ಕಾಣುವ ಎರಡು ಎಲುಬುಗಳ ನಡುವೆ ಬೆರಳುಗಳನ್ನು ಜೋಡಿಸಿ ಇಟ್ಟ. "ನಾಲ್ಕು ಬೆರಳು ಸರಿಯಾಗಿ ಕುಂತ್ವು ನೋಡು. ಕುಂತ್ರ ಅದು ನಮ್ಮ ನಾಯಿ."

ನಾನೂ ಇಟ್ಟು ನೋಡಿದೆ. ಕೂತವು. ನಾಯಿಯ ಮೈ ಬಿಸಿಯಾಗಿತ್ತು, ರೇಷ್ಮೆಯ ಹಾಗಿತ್ತು. ಅದನ್ನು ನಾನು ಮುಟ್ಟಿದ್ದು ಇವತ್ತೇ ಮೊದಲು.

ಸಂಜೆ ಪಕೀರಮ್ಮನನ್ನು ಗೇಟಿಗೇ ಕರೆದು ನಾಲ್ಕು ಬೆರಳ ಪರೀಕ್ಷೆ ತೋರಿಸಿದೆ. "ಹೌದ್ರೀ ಅಕ್ಕಾ, ಎಲುಬಂತೂ ಚೆಂದ ಸಿಗ್ತಾವ," ಎಂದಳು.

ನವೆಂಬರ್ ೨೯, ಶುಕ್ರವಾರ

ಭಾಗ್ಯ ಇವತ್ತು ಬೇಗ ಹೋದಳು. ಮೊಟ್ಟೆ ನಾನೇ ಬೇಯಿಸಿದೆ. ಒಲೆ ಹೊರಗಿನದೇ. ಪಾತ್ರೆಯೂ ಬೇರೆ.

ಗ್ರೌಂಡಿನಲ್ಲಿ ಹಗ್ಗ ಬಿಚ್ಚಿ ಅವನನ್ನು ಬಿಟ್ಟೆ. ಬಾಣದಂತೆ ಹೋಗಿ ದೂಳಲ್ಲಿ ಕಾಣದಾದ. ನಾಲ್ಕೂ ಕಡೆ ನೋಡಿ, ಯಾರೂ ಇಲ್ಲವೆಂದುಕೊಂಡು ಆ ಹೆಸರು ಕೂಗಿದೆ. ಮರುಕ್ಷಣ ಪಕ್ಕದಲ್ಲಿದ್ದ. ಆಮೇಲೆ ನೋಡಿದರೆ ಕ್ರಿಕೆಟ್ ಆಡುವ ಹುಡುಗರು ಹದಿನೈದು ಜನ ಅಲ್ಲೇ ನಿಂತಿದ್ದರು. ಮೊದಲು ಎಲ್ಲಿದ್ದರೋ.

ಡಿಸೆಂಬರ್ ೪, ಬುಧವಾರ

ರಾಕೆಟ್ ಇಲ್ಲ.

ಮಧ್ಯಾಹ್ನದಿಂದ ಇಲ್ಲ. ಗೇಟು ತೆರೆದಿತ್ತು. ಚಿಲಕ ಹಾಕಿದ್ದು ನಾನು. ಅದು ಕೊಂಡಿಗೆ ಬಿದ್ದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಭಾಗ್ಯ ಬಂದು ಚಿಲಕ ಪರೀಕ್ಷಿಸಿ ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಅವಳ ಕೆಟ್ಟ ಅಭ್ಯಾಸ.

ಲಕ್ಷ್ಮಿಕಾಂತ "ಬರ್ತಾನ ಬಿಡವ್ವಾ," ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಊಟ ಮಾಡಲಿಲ್ಲ. ನನ್ನ ವಶಕ್ಕೆ ಕೊಟ್ಟ ಒಂದು ಸೂಜಿಯನ್ನೂ ನಾನು ಇದುವರೆಗೆ ಕಳೆದವಳಲ್ಲ.

ಡಿಸೆಂಬರ್ ೫, ಗುರುವಾರ

ಗ್ರೌಂಡು, ಮಾರ್ಕೆಟ್ ಯಾರ್ಡು, ಸ್ಟೇಷನ್ ರಸ್ತೆ, ಆಲೂರು ರಸ್ತೆ. ಬೀದಿಬೀದಿಯಲ್ಲಿ ಆ ಹೆಸರು ಕೂಗಿದೆ.

ಡಿಸೆಂಬರ್ ೬, ಶುಕ್ರವಾರ

ಸಿಕ್ಕಿದ. ಎಲ್ಲವನ್ನೂ ಬರೆಯುತ್ತೇನೆ, ನಿದ್ದೆ ಬರುವಂತಿಲ್ಲ.

ಬೆಳಿಗ್ಗೆ ಪಕೀರಮ್ಮ ಬಂದು, "ಅಕ್ಕಾ, ನಿನ್ನೆ ನಾಯಿ ಹಿಡಿಯೋ ಗಾಡಿ ಬಂದಿತ್ತು. ಬೀದಿ ನಾಯಿಗಳಿಗೆ ಆಪರೇಷನ್ ಮಾಡಿ ಬಿಡ್ತಾರಂತ. ನಿಮ್ಮದನ್ನ ನೋಡಿದ್ರ ಯಾರಿಗರ ಬೀದಿ ನಾಯಿ..." ಎಂದು ನಿಲ್ಲಿಸಿದಳು. ಇವತ್ತು ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಾನು ಫೋನು ತೆಗೆದುಕೊಳ್ಳುವುದನ್ನೂ ಮರೆತು ಆಟೋ ಹತ್ತಿದೆ.

ಊರಾಚೆ ತಗಡಿನ ಶೆಡ್ಡು. ಒಳಗೆ ಕತ್ತಲೆ, ಫಿನಾಯಿಲ್ ವಾಸನೆ. ನೋಡಿಕೊಳ್ಳುವವನ ಹೆಸರು ಹನುಮಂತು. ನಾನು ಕೇಳುವ ಮೊದಲೇ, "ಮಾ ದಗ್ಗರ ಜಾತಿ ಕುಕ್ಕಲು ಲೇವಮ್ಮಾ," ಎಂದ. ಜಾತಿ ನಾಯಿಗಳನ್ನು ಅವರು ಹಿಡಿಯುವುದೇ ಇಲ್ಲವಂತೆ.

ಸರ್ಟಿಫಿಕೇಟ್ ಕೈಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಇದಿ ಕನ್ನಡಂಲೋ ಉಂದಿ ಕದಾ," ಎಂದ. ಅವನಿಗೆ ಕನ್ನಡ ಓದಲು ಬಾರದು. ನಾನೇ ಓದಿ ತೆಲುಗಿನಲ್ಲಿ ಹೇಳಿದೆ. ಅಲ್ಲಿನ ಬೆಳಕಿಗೆ ಅಕ್ಷರ ಒಂದೂ ಕಾಣಲಿಲ್ಲ, ಬಾಯಿಪಾಠವಿತ್ತು. ಅಜ್ಜಿಯ ಹೆಸರಿಗೆ ಬರುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

ಹನ್ನೆರಡು ನಾಯಿಗಳಿದ್ದವು. ಮೂಲೆಯಲ್ಲಿ ಒಂದು ಸಪೂರ ಮೈ, ಉದ್ದ ಕಾಲು, ಕಂದು ಬಣ್ಣ, ಮೈತುಂಬ ಕೆಸರು. ನನ್ನನ್ನು ಕಂಡದ್ದೇ ಎದ್ದು ಬಂತು. ಸರಳಿನ ಸಂದಿಯಿಂದ ಕೈ ಹಾಕಿದೆ. ಸೊಂಟದ ಎಲುಬುಗಳ ನಡುವೆ ನಾಲ್ಕು ಬೆರಳು ಇಟ್ಟೆ.

ಕೂತವು. ಅಳೆದು ಮಾಡಿದ ಹಾಗೆ ಕೂತವು.

"ಅಮ್ಮಾ, ಇದಿ ಮೀ ಕುಕ್ಕೇನಾ?" ಇದು ನಿಮ್ಮದೇ ನಾಯಿಯೇ ಎಂದು ಹನುಮಂತು ನನ್ನನ್ನೂ ನಾಯಿಯನ್ನೂ ಬದಲಿಸಿ ಬದಲಿಸಿ ನೋಡಿದ. "ಫೋಟೋಲೋ ಚೆವುಲು ವೇರೆಗಾ ಉನ್ನಾಯಿ."

ಫೋಟೋದಲ್ಲಿ ಕಿವಿ ಬೇರೆ ಥರ ಇವೆಯಂತೆ! ಒಂದು ರಾತ್ರಿ ನಿಮ್ಮ ಶೆಡ್ಡಿನಲ್ಲಿದ್ದರೆ ನಿಮ್ಮ ಕಿವಿಯೂ ಬೇರೆ ಥರ ಆಗುತ್ತದೆ ಎಂದೆ. ಪಾಪ, ಸುಮ್ಮನೆ ಪುಸ್ತಕ ಮುಂದಿಟ್ಟ. ಸಹಿ ಮಾಡಿದೆ. ಠಸ್ಸೆ ಒತ್ತಿ ತೆಲುಗಿನಲ್ಲಿ ಒಂದು ಚೀಟಿ ಕೊಟ್ಟ: ಕಂದು ನಾಯಿ ಒಂದು, ಯಜಮಾನಿ ಉರುಕುಂದಮ್ಮ.

ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ. ಸೀರೆ ಹಾಳಾಯಿತು. ಆಗಲಿ.

ಮನೆಗೆ ಬಂದು, "ತಗೋ ನಿನ್ನ ನಾಯಿ," ಎಂದೆ. ಲಕ್ಷ್ಮಿಕಾಂತ ನೋಡಿದ. ಬಾಯಿ ತೆರೆದ. ಆಮೇಲೆ ದಿಂಬಿನಲ್ಲಿ ಮುಖ ಹುದುಗಿಸಿದ, ಭುಜಗಳು ಕುಲುಕುತ್ತಿದ್ದವು. ಗಂಡಸರೂ ಅಳುತ್ತಾರೆ, ತಪ್ಪೇನಿಲ್ಲ. ನಾನು ಹೊರಗೆ ಬಂದೆ. ಭಾಗ್ಯ "ಅತ್ತೀ, ಅದು..." ಎಂದು ಶುರು ಮಾಡಿದಳು. ಒಳಗಿನಿಂದ ಅವನು, "ಏ ಭಾಗ್ಯಾ, ಸುಮ್ನಿರು! ಅವ್ವ ದಣಿದಾಳ," ಎಂದು ಕೂಗಿದ. ನಾನಿಲ್ಲದಾಗ ಅವನ ಫೋನಿಗೆ ಯಾರದೋ ಕರೆ ಬಂದಿತ್ತಂತೆ. ಅಂತೂ ಎರಡು ದಿನಗಳ ನಂತರ ಮಗ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಡಿಸೆಂಬರ್ ೭, ಶನಿವಾರ

ಆ ಶೆಡ್ಡಿನಲ್ಲಿ ಅವನಿಗೆ ಬಹಳ ಆಘಾತವಾಗಿದೆ. ಹೆಸರು ಕರೆದರೆ ತಿರುಗುವುದಿಲ್ಲ. ರೊಟ್ಟಿ, ಸಾರು, ಉಪ್ಪಿನಕಾಯಿ ಸವರಿದ ಎಲೆ, ಕೊಟ್ಟದ್ದನ್ನೆಲ್ಲ ತಿನ್ನುತ್ತಾನೆ, ಕೊಡದ್ದನ್ನೂ ತಿಂದ. ಎಂದೂ ಬೊಗಳದವನು ಹಾಲಿನವನಿಗೆ, ಪೇಪರಿನವನಿಗೆ, ಪಕೀರಮ್ಮನಿಗೆ ಬೊಗಳಿದ. ಹೆದರಿಕೆಗೆ ಬಾಲವೂ ಸುರುಳಿ ಸುತ್ತಿಕೊಂಡಿದೆ.

"ನಿಧಾನಕ್ಕ ಸರಿಹೋಗ್ತಾನ," ಎಂದೆ.

"ಹೌದವ್ವಾ, ನಾಳೆ ಭಾನುವಾರ ಸರಿಹೋಗ್ತಾನ," ಎಂದ ಲಕ್ಷ್ಮಿಕಾಂತ. ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಅವಳಿಗೂ ಅಳು.

ಡಿಸೆಂಬರ್ ೮, ಭಾನುವಾರ

ಹನ್ನೊಂದು ಗಂಟೆಗೆ ಗೇಟಿನ ಮುಂದೆ ಗೂಡ್ಸ್ ಆಟೋ ನಿಂತಿತು. ಕೆಂಚಣ್ಣ ಇಳಿದ. ಅವನ ಹಿಂದೆ ರಾಕೆಟ್ ಇಳಿದ.

ನನ್ನ ಕಾಲ ಬಳಿಯೂ ರಾಕೆಟ್ ಕೂತಿದ್ದ.

ಬುಧವಾರ ಮಂದೆ ಊರು ದಾಟುವಾಗ ಅಸಲಿ ರಾಕೆಟ್ ಕುರಿಗಳ ವಾಸನೆ ಹಿಡಿದು ಹೋಗಿದ್ದಾನೆ. ಕೆಂಚಣ್ಣ ಗುರುತು ಹಿಡಿದು ಜೊತೆಗಿಟ್ಟುಕೊಂಡ. ಫೋನು ಚಾರ್ಜ್ ಆದದ್ದು ಶುಕ್ರವಾರ ಹಾಲಹರವಿ ಮುಟ್ಟಿದ ಮೇಲೆ. ಆಗ ಲಕ್ಷ್ಮಿಕಾಂತನಿಗೆ ಹೇಳಿದ. ನಾನು ಆ ಹೊತ್ತಿನಲ್ಲಿ ಸಹಿ ಮಾಡುತ್ತಿದ್ದೆ.

"ನಾಲ್ಕು ಬೆರಳು ಕೂತವಲ್ಲೋ!" ಎಂದೆ.

ಕೆಂಚಣ್ಣ ಎರಡನೆಯದರ ಸೊಂಟ ಮುಟ್ಟಿದ. ನಗಲಿಲ್ಲ, ಅದಕ್ಕೆ ಅವನಿಗೆ ಈ ಸಲ ಜೋಳ ಹೆಚ್ಚು ಕೊಡುತ್ತೇನೆ. "ಹಸಿದ ನಾಯಿಗೂ ಕೂಡ್ತಾವವ್ವಾ. ಎದಿ ಆಳ ಐತೋ ಇಲ್ಲೋ, ಕೆಳಗೂ ಕೈ ಹಾಕಿ ನೋಡಬೇಕಿತ್ತು. ನಾ ಅವತ್ತು ಅರ್ಧ ಹೇಳಿದ್ದೆ, ತಪ್ಪು ನಂದೇ."

ಲಕ್ಷ್ಮಿಕಾಂತ ಈ ಸಲ ದಿಂಬು ಹುಡುಕಲಿಲ್ಲ. ಪ್ಲಾಸ್ಟರ್ ಕಾಲು ಅಲುಗಾಡುವಷ್ಟು ನಕ್ಕ. "ಅವ್ವಾ, ಊರ ಮಂದಿ ನಮ್ಮ ನಾಯಿನ್ನ ಬೀದಿ ನಾಯಿ ಅಂದ್ರು. ನೀ ಬೀದಿ ನಾಯಿನ್ನ ನಮ್ಮ ನಾಯಿ ಮಾಡಿದಿ!"

ಡಿಸೆಂಬರ್ ೯, ಸೋಮವಾರ

ಬರೆಯುವಂಥದ್ದೇನೂ ನಡೆಯಲಿಲ್ಲ.

ಡಿಸೆಂಬರ್ ೧೨, ಗುರುವಾರ

ಎರಡನೆಯದನ್ನು ಶೆಡ್ಡಿನವರಿಗೆ ತಿರುಗಿ ಕೊಡೋಣವೇ ಎಂದು ಲಕ್ಷ್ಮಿಕಾಂತ ಕೇಳಿದ. ಸಹಿ ಮಾಡಿ ತಂದಿದ್ದೇನೆ. ಕಂದು ನಾಯಿ ಒಂದು, ಯಜಮಾನಿ ಉರುಕುಂದಮ್ಮ. ಹಾಕಿದ ಸಹಿಯನ್ನು ತಿರುಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. ಆ ಚೀಟಿಯನ್ನೂ ಲ್ಯಾಮಿನೇಷನ್ ಮಾಡಿಸಿದೆ. ಕಾಗದ ತೆಳ್ಳಗಿತ್ತು, ಹರಿದುಹೋಗಬಾರದೆಂದು.

ರಾತ್ರಿ ಅಡುಗೆಮನೆಯಲ್ಲಿ ಭಾಗ್ಯ ಪಾತ್ರೆ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಅತ್ತೀ, ನಾಳೆ ನಾನು ಕಣ್ಣಿನ ಡಾಕ್ಟರ್ ಹತ್ರ ಹೋಗಬೇಕು. ಒಬ್ಬಾಕಿ ಹೋಗಾಕ ಬ್ಯಾಸರ. ಜೊತಿಗೆ ಬರ್ತೀರೇನ್ರಿ?"

ಪಾಪ, ಚಿಕ್ಕ ವಯಸ್ಸು. ಒಬ್ಬಳನ್ನೇ ಹೇಗೆ ಕಳಿಸುವುದು?

ಡಿಸೆಂಬರ್ ೧೩, ಶುಕ್ರವಾರ

ಹೇಗೂ ಹೋಗಿದ್ದೆನಲ್ಲ ಎಂದು ಆ ಕುರ್ಚಿಯಲ್ಲಿ ನಾನೂ ಕೂತೆ. ಡಾಕ್ಟರು ಭಾಗ್ಯಳನ್ನು ಎರಡು ನಿಮಿಷ ನೋಡಿದರು, ನನ್ನನ್ನು ಅರ್ಧ ಗಂಟೆ. ಎರಡು ಕಣ್ಣಲ್ಲೂ ಪೊರೆಯಂತೆ. ಬಲಗಣ್ಣಿನ ಆಪರೇಷನ್ ಜನವರಿ ಆರಕ್ಕೆ. ಎಷ್ಟು ದಿನದಿಂದ ಮಂಜು ಕಾಣುತ್ತಿದೆ ಎಂದು ಕೇಳಿದರು. ಅದು ಹತ್ತಿಯ ದೂಳು ಎಂದೆ. ಬರೆದುಕೊಂಡರು.

ಬಸ್ಸಿನಲ್ಲಿ ಭಾಗ್ಯ ನನ್ನ ಕೈ ಹಿಡಿದಿದ್ದಳು. ನೂಕುನುಗ್ಗಲಿತ್ತು, ಬಿಡಿಸಿಕೊಳ್ಳಲಿಲ್ಲ.

ಡಿಸೆಂಬರ್ ೨೩, ಸೋಮವಾರ

ಲಕ್ಷ್ಮಿಕಾಂತನ ಪ್ಲಾಸ್ಟರ್ ಬಿಚ್ಚಿದರು. ಮನೆಗೆ ಬಂದು ಕೋಲೂರಿ ಕೂತ. ರಾಕೆಟ್‌ನ ತಲೆ ಸವರುತ್ತಾ, "ಅವ್ವಾ, ಹಾಲಹರವಿಗೆ ಗಾಡಿ ಹೇಳ್ಲೇನು? ಇವತ್ತೇ ಅಂದಿದ್ದಿ," ಎಂದ. ನಗೆಯಾಡಿದ ಹಾಗಿತ್ತು, ಆದರೆ ಕೈ ಸವರುವುದನ್ನು ನಿಲ್ಲಿಸಿತ್ತು.

"ಈ ಚಳ್ಯಾಗ? ತಲಿ ಕೆಟ್ಟೈತೇನ್ ನಿನಗ?" ಎಂದೆ. "ಅವನ ಮೈಮ್ಯಾಲ ಬೆರಳುದ್ದ ಕೂದಲಿಲ್ಲ. ಸಂಕ್ರಾಂತಿ ಆದ ಮ್ಯಾಲ ನೋಡೂಣು."

"ಯಾವ ಸಂಕ್ರಾಂತಿ?"

ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಮೊಟ್ಟೆ ಇಟ್ಟಿದ್ದೆ, ನಾಲ್ಕು. ಹೊರಗಿನ ಒಲೆ ಕೆಟ್ಟು ವಾರವಾಯಿತು, ಯಾರೂ ರಿಪೇರಿ ಮಾಡಿಸುತ್ತಿಲ್ಲ.

೨೦೨೫ ಜನವರಿ ೧೪, ಮಂಗಳವಾರ

ಆಪರೇಷನ್ ಆಗಿ ಎಂಟು ದಿನ. ಬರೆಯಬಹುದು ಎಂದಿದ್ದಾರೆ. ಹೊಸ ಡೈರಿ ಬಂದಿದೆ. ಹಳೆಯದರಲ್ಲೇ ಖಾಲಿ ಹಾಳೆಗಳಿವೆ, ಮುಗಿಸುತ್ತೇನೆ. ಹಿಂದಿನ ಪುಟಗಳನ್ನು ತಿರುವಿದೆ. ನವೆಂಬರಿನ ಸಾಲುಗಳೆಲ್ಲ ಒಂದರ ಮೇಲೊಂದು ಹತ್ತಿವೆ. ಪೆನ್ನು ಸರಿಯಿರಲಿಲ್ಲ.

ಮಿಲ್ಲಿನವರು ಕೊನೆಗೂ ದೂಳಿಗೆ ಏನೋ ವ್ಯವಸ್ಥೆ ಮಾಡಿದಂತಿದೆ. ಗಾಳಿ ತೊಳೆದ ಹಾಗಿದೆ. ಮನೆಯಿಂದಲೇ ಊರಾಚೆಯ ಗುಡ್ಡದ ಒಂದೊಂದು ಬಂಡೆಯೂ ಕಾಣುತ್ತದೆ.

ಜನವರಿ ೧೯, ಭಾನುವಾರ

ಕಪ್ಪು ಕನ್ನಡಕ ಹಾಕಿಕೊಂಡು ಇಬ್ಬರನ್ನೂ ಗ್ರೌಂಡಿಗೆ ಕರೆದೊಯ್ದೆ. ಬೆಳಕಿನಲ್ಲಿ ಎರಡನೆಯವನನ್ನು ಸರಿಯಾಗಿ ನೋಡಿದ್ದು ಇವತ್ತೇ. ಒಂದು ಕಿವಿ ಮಡಿಸಿದೆ, ಇನ್ನೊಂದು ನಿಂತಿದೆ. ಬಾಲ ಜಿಲೇಬಿ. ಕಾಲುಗಳಿಗೆ ಒಂದಕ್ಕೊಂದರ ಪರಿಚಯವಿಲ್ಲ. ಆರು ವಾರದ ರೊಟ್ಟಿಗೆ ಮೈ ತುಂಬಿ, ಈಗ ಸೊಂಟದಲ್ಲಿ ಒಂದು ಬೆರಳೂ ಕೂರುವುದಿಲ್ಲ. ಇವನನ್ನು ಮುಧೋಳ ಎಂದವರಿಗೆ ಕಣ್ಣಿಲ್ಲ ಎನ್ನಬೇಕು. ಅಂದವಳು ನಾನು.

ಬಳ್ಳಾರಿ ನಂಬರಿನ ಕಾರೊಂದು ನಿಂತಿತು. ಕೂಲಿಂಗ್ ಗ್ಲಾಸ್ ಹಾಕಿದವನೊಬ್ಬ ಇಳಿದು, ಎರಡನೆಯವನ ಸುತ್ತ ಒಂದು ಸುತ್ತು ಬಂದ.

"ಆಂಟಿ, ಇದು ಪ್ಯೂರ್ ಮುಧೋಳ ಅಲ್ರೀ? ದೂರದಿಂದನೇ ಗುರ್ತು ಹಿಡಿದೆ ನಾನು. ಏನ್ ಠೀವಿ!" ಆಮೇಲೆ ರಾಕೆಟ್‌ನನ್ನು ನೋಡಿ ಮೂಗು ಮುರಿದ. "ಇಂಥಾದರ ಜೋಡಿ ಈ ಬಡಕಲು ಬೀದಿ ನಾಯಿ ಯಾಕ್ರೀ ಕಟ್ಕೊಂಡೀರಿ?"

ಎರಡು ತಿಂಗಳ ಹಿಂದಾಗಿದ್ದರೆ ಅವನು ಆ ಕಾರಿನಲ್ಲಿ ನೆಟ್ಟಗೆ ಕೂತು ಬಳ್ಳಾರಿ ಮುಟ್ಟುತ್ತಿರಲಿಲ್ಲ. ಪರ್ಸಿಗೆ ಕೈ ಹಾಕಿದ್ದೆ. ರಾಕೆಟ್ ಕತ್ತೆತ್ತಿ ದೂರದಲ್ಲಿ ಎಲ್ಲೋ ನೋಡುತ್ತಿದ್ದ. ಯಾರು ಏನೆಂದರೂ ಅವನ ಅಜ್ಜಿಯ ಹೆಸರು ಬದಲಾಗುವುದಿಲ್ಲ. ಎರಡನೆಯವನು ಮಾತ್ರ ನನ್ನ ಪಾದದ ಮೇಲೆ ಕೂತು, ಬೈಯುತ್ತಾರೋ ಏನೋ ಎನ್ನುವಂತೆ ನನ್ನ ಮುಖ ನೋಡುತ್ತಿದ್ದ.

"ನಿನ್ನ ಕಣ್ಣು ಭಾಳ ಚಲೋ ಅದಾವಪ್ಪ," ಎಂದೆ.

ಹುಡುಗ ಹಿಗ್ಗಿದ. "ಸರ್ಟಿಫಿಕೇಟ್ ಐತೇನ್ರಿ?"

"ಇಲ್ದೇ ಇರ್ತೈತೇನು?"

ಪರ್ಸಿನಲ್ಲಿದ್ದ ಎರಡರಲ್ಲಿ ಶೆಡ್ಡಿನ ಚೀಟಿಯನ್ನು ತೆಗೆದು ಕೈಗಿಟ್ಟೆ. ಮೇಲೆ ಠಸ್ಸೆ, ಕೆಳಗೆ ನನ್ನ ಸಹಿ, ನಡುವೆ ಎಲ್ಲವೂ ತೆಲುಗು. ಅವನು ಹಿಡಿದು ನೋಡಿದ, ತಿರುಗಿಸಿ ನೋಡಿದ. ಓದಲು ಬರುವುದಿಲ್ಲವೆಂದು ಹೇಳಿಕೊಳ್ಳಲು ಅವನಿಗೂ ಮರ್ಯಾದೆ ಅಡ್ಡ ಬಂತು. ಕೊನೆಗೆ ಎರಡೂ ಕೈಯಿಂದ ಮರಳಿಸಿದ.

"ಒರಿಜಿನಲ್ ಅಲ್ರೀ," ಎಂದ.

"ಒರಿಜಿನಲ್ಲೇ," ಎಂದೆ.